ಏಳನೆಯ ಸಾಲಿನ ಮುಖ

ಕ್ಯಾತಪ್ಪನಿಗೆ ಆರು ದಿನದ ಕೂಲಿ ಬರಬೇಕು. ದಿನಕ್ಕೆ ಹದಿನೆಂಟರಂತೆ ನೂರ ಎಂಟು ರೂಪಾಯಿ. ಕೊಡಬೇಕಾದ ಕಲ್ಲಿನ ಕಂಪನಿ ಕೊಟ್ಟಿಲ್ಲ, ಈಸಿಕೊಳ್ಳಬೇಕಾದ ಕ್ಯಾತಪ್ಪ ಬದುಕಿಲ್ಲ. ಆದರೆ ಈ ಕತೆ ಆ ನೂರ ಎಂಟರದ್ದಲ್ಲ. ಆ ದುಡ್ಡು ಬರಬೇಕಾದರೆ ಮೊದಲು ಕ್ಯಾತಪ್ಪ ಅಲ್ಲಿ ಕೆಲಸಕ್ಕಿದ್ದ ಅಂತ ಆಗಬೇಕು. ಅದನ್ನೇ ಕಂಪನಿ ಒಪ್ಪುವುದಿಲ್ಲ. ಅವನು ಅಲ್ಲಿದ್ದ ಎಂದು ಹೇಳುವ ಒಂದೇ ಒಂದು ಸಾಕ್ಷಿ ಉಳಿದಿದೆ. ಅದು ಮಧುಗಿರಿಯ ಕೋಟೆ ಬೆಟ್ಟದ ಬುಡದಲ್ಲಿ, ಒಂದು ಫೋಟೋ ಅಂಗಡಿಯ ಬಿಸ್ಕತ್ತಿನ ಡಬ್ಬಿಯೊಳಗೆ ಇದೆ. ಅಂಗೈಗಿಂತ ಚಿಕ್ಕ ನೆಗೆಟಿವ್. ಅದನ್ನು ತೆಗೆದವನು ಅಡವಯ್ಯ. ಕೆಡಿಸಿದವನೂ ಅವನೇ.

ಅಡವಯ್ಯ ಸಿದ್ದರಬೆಟ್ಟದ ತಪ್ಪಲಿನವನು. ಅಪ್ಪ ಬೆಟ್ಟದ ಮೆಟ್ಟಿಲ ಪಕ್ಕ ಗೋಣಿಚೀಲ ಹಾಸಿಕೊಂಡು ಬೇರು ನಾರು ಮಾರುತ್ತಿದ್ದ. ಮಗನಿಗೆ ಸೊಪ್ಪಿನ ಗುರುತು ಹತ್ತಲಿಲ್ಲ. ಎಪ್ಪತ್ತೊಂದರಲ್ಲಿ ಸಿರಾಕ್ಕೆ ಹೋಗಿ ಬುಡನ್ ಸಾಬರ ಸ್ಟುಡಿಯೋದಲ್ಲಿ ನೆಲ ಗುಡಿಸಲು ಸೇರಿದ. ಎರಡು ವರ್ಷ ಗುಡಿಸಿದ ಮೇಲೆ ಸಾಬರು ಒಂದು ದಿನ ಕ್ಯಾಮೆರಾ ಮುಟ್ಟಗೊಟ್ಟರು. ಎದೆಯ ಮಟ್ಟಕ್ಕೆ ಹಿಡಿದು, ಮೇಲಿಂದ ಬಗ್ಗಿ ನೋಡುವ ಎರಡು ಕಣ್ಣಿನ ಕ್ಯಾಮೆರಾ. ರೀಲಿಗೆ ಹನ್ನೆರಡೇ ಚಿತ್ರ. ಪೆಟ್ಟಿಗೆಯ ಗಾಜಿನೊಳಗೆ ಲೋಕ ಎಡಬಲ ಆಗಿ ಕಾಣುತ್ತಿತ್ತು.

ಸಾಬರು ಕಲಿಸಿದ ವಿದ್ಯೆ ಎಲ್ಲಾ ಸೇರಿ ಎರಡೇ ಮಾತು. ಒಂದು, “ಜೀವ ಇರೋದಕ್ಕೆ ಜಲ್ದಿ ಒತ್ತು, ಮುರ್ದಾಗೆ ಆರಾಮಾಗಿ ಒತ್ತು.” ಮಕ್ಕಳು ಅಲ್ಲಾಡುತ್ತವೆ, ಮದುಮಗಳು ಕಣ್ಣು ಮಿಟುಕಿಸುತ್ತಾಳೆ, ಅದಕ್ಕೆ ಕ್ಯಾಮೆರಾದ ಬಾಗಿಲು ಥಟ್ಟನೆ ತೆಗೆದು ಮುಚ್ಚಬೇಕು. ಹೆಣ ಅಲ್ಲಾಡುವುದಿಲ್ಲ. ಸ್ಟ್ಯಾಂಡಿಗೆ ಹಾಕಿ ಒಂದು ಎರಡು ಎಣಿಸುವವರೆಗೆ ಬಾಗಿಲು ತೆಗೆದೇ ಇಟ್ಟರೂ ಚಿತ್ರ ಕಲ್ಲಿನಂತೆ ಬರುತ್ತದೆ. ಎರಡನೆಯದು ಟಚಿಂಗ್. ಅಂದರೆ ನೆಗೆಟಿವ್ ಮೇಲೆ ಸೂಜಿಮೊನೆ ಪೆನ್ಸಿಲಿನಿಂದ ತಿದ್ದುವುದು. ಅಲ್ಲಿ ಎಳೆದ ಕರಿ ಗೆರೆ ಪ್ರಿಂಟಿನಲ್ಲಿ ಬೆಳ್ಳಗೆ ಬೀಳುತ್ತದೆ.

ಆ ಕಾಲದಲ್ಲಿ ಈ ನಾಲ್ಕು ತಾಲ್ಲೂಕಿನಲ್ಲಿ ಮುಕ್ಕಾಲು ಪಾಲು ಜನ ಬದುಕಿದ್ದಾಗ ಫೋಟೋ ತೆಗೆಸಿದವರಲ್ಲ. ಸತ್ತ ಮೇಲೆ ಮನೆಯವರಿಗೆ ನೆನಪಾಗುತ್ತದೆ, ಅಯ್ಯೋ ಒಂದು ಪಟ ಇಲ್ಲವಲ್ಲ ಅಂತ. ಯಾರನ್ನೋ ಸೈಕಲ್ಲಿನಲ್ಲಿ ಓಡಿಸುತ್ತಾರೆ. ಫೋಟೋದವನು ಬರುವವರೆಗೆ ಹೆಣ ಎತ್ತುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ತಲೆ ವಾಲದಂತೆ ಟವಲಿನಿಂದ ಬಿಗಿದು, ಹೂವಿನ ಹಾರ ಹಾಕಿ, ಹೆಂಡತಿ ಮಕ್ಕಳು ಅಕ್ಕಪಕ್ಕ ನಿಂತು ತೆಗೆಸುತ್ತಾರೆ. ಆಮೇಲೆ ಅಂಗಡಿಗೆ ಬಂದು ಹೇಳುವ ಮಾತು ಒಂದೇ: “ಬದುಕಿದ್ದಂಗೆ ಮಾಡ್ಕೊಡಣ್ಣ.” ಬದುಕಿದ್ದಂಗೆ ಅಂದರೆ ಕಣ್ಣು ಬಿಡಿಸಿ ಕೊಡು ಅಂತ. ಮುಚ್ಚಿದ ರೆಪ್ಪೆಯ ಜಾಗದಲ್ಲಿ ಪೆನ್ಸಿಲಿನಿಂದ ಬಿಳಿ ಮೂಡಿಸಿ, ಪ್ರಿಂಟಿನ ಮೇಲೆ ಕರಿ ಮಸಿಯಲ್ಲಿ ಗುಡ್ಡೆ ಇಟ್ಟರೆ ಸತ್ತವನು ನಿಮ್ಮನ್ನೇ ನೋಡುತ್ತಾನೆ.

ಎಪ್ಪತ್ತೇಳರಲ್ಲಿ ಅಡವಯ್ಯ ಮಧುಗಿರಿಗೆ ಬಂದು ತನ್ನದೇ ಅಂಗಡಿ ಇಟ್ಟ. ಹೆಂಡತಿ ಲಕ್ಷ್ಮಕ್ಕ ಔಷಧಿ ಕಲಸುವುದು, ಪ್ರಿಂಟು ತೊಳೆಯುವುದು ಕಲಿತಳು. ಮದುವೆಗಳಿಗಿಂತ ಹೆಣಗಳೇ ಅವನ ಹೊಟ್ಟೆ ತುಂಬಿಸಿದವು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಚಟ್ಟ ಕಟ್ಟುವವನೂ ಉಣ್ಣಬೇಕು. ಕೆಲಸದಲ್ಲಿ ಒಂದು ಆಚಾರ ಇಟ್ಟುಕೊಂಡಿದ್ದ. ಹೆಣದ ಚಿತ್ರ ಕೆಟ್ಟು ಬಂದರೆ ಆ ನೆಗೆಟಿವನ್ನು ಅಂಗಡಿಯಲ್ಲಿ ಇಡುತ್ತಿರಲಿಲ್ಲ, ಒಲೆಗೆ ಹಾಕುತ್ತಿದ್ದ. ಅರ್ಧ ಮುಖದ ಸತ್ತವನನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು ಅಂತ ಸಾಬರು ಹೇಳಿದ್ದರೋ, ಅವನೇ ಕಟ್ಟಿಕೊಂಡನೋ, ಅದು ನಡೆದು ಬಂದಿತ್ತು.

ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿ ಜೂನ್ ಹನ್ನೊಂದು, ಶನಿವಾರ. ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ಒಂದು ಚಕ್ಕೆ ಹಾರಿ ಕ್ಯಾತಪ್ಪನ ತಲೆಯ ಹಿಂದಕ್ಕೆ ಬಿತ್ತು. ಕ್ಯಾತಪ್ಪ ಮದಲೂರು ಕಡೆಯ ಹಟ್ಟಿಯವನು. ಕುರಿ ಮಾರಿ ಮೂರು ವರ್ಷ ಆಗಿತ್ತು, ಕ್ವಾರಿಯಲ್ಲಿ ಮದ್ದು ತುಂಬಲು ಬಂಡೆಗೆ ಕುಳಿ ಹೊಡೆಯುವ ಕೆಲಸ. ಜೀವ ಹೋದ ಮೇಲೆ ಅವನನ್ನು ನಾಲ್ಕು ಜನರಿಂದ ಎತ್ತಿಸಿ, ಕ್ವಾರಿಯ ಬೇಲಿಯಿಂದ ಹೊರಗೆ, ರಸ್ತೆ ಪಕ್ಕದ ಹುಣಸೇಮರದ ಕೆಳಗೆ ಮಲಗಿಸಿದರು. ಸಂಜೆಯ ಹೊತ್ತಿಗೆ ಕಂಪನಿಯ ಮಾತು ತಯಾರಾಗಿತ್ತು: ಯಾರೋ ಕುರಿ ಕಾಯುವವನು, ತಪ್ಪಿಸಿಕೊಂಡ ಕುರಿ ಹುಡುಕುತ್ತಾ ಬಂದ, ನಮಗೂ ಅವನಿಗೂ ಸಂಬಂಧವಿಲ್ಲ. ಹಟ್ಟಿಯವನು ಅಂದ ಮೇಲೆ ಕುರಿ ಇರಲೇಬೇಕಲ್ಲ ಅಂತ ಎಲ್ಲರೂ ನಂಬಿದರು. ಹಟ್ಟಿಯಲ್ಲಿ ಒಂದು ಮರಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಡವಯ್ಯನನ್ನು ಹಟ್ಟಿಗೆ ಕರೆದುಕೊಂಡು ಹೋದರು. ಕ್ಯಾತಪ್ಪನನ್ನು ಕೂರಿಸಿದ್ದರು. ಪಕ್ಕದಲ್ಲಿ ಹೆಂಡತಿ ಜುಂಜಮ್ಮ, ಅತ್ತು ಮುಗಿಸಿದ ಮುಖ. ಅಡವಯ್ಯ ಸ್ಟ್ಯಾಂಡು ಊರಿ ಆರಾಮಾಗಿ ಒತ್ತಿದ. ಮೂರನೆಯ ದಿನ ಕಣ್ಣು ಬಿಡಿಸಿದ ಪಟ ತೆಗೆದುಕೊಳ್ಳಲು ಜುಂಜಮ್ಮನೇ ಬಂದಳು. ಅಂಗಡಿಯ ಬಾಗಿಲಲ್ಲಿ ನಿಂತು, ಬೆಳಕಿಗೆ ಹಿಡಿದು, ತುಂಬಾ ಹೊತ್ತು ನೋಡಿದಳು.

“ಇವು ಅವ್ನ ಕಣ್ಣಲ್ಲ ಕಣಣ್ಣ,” ಅಂದಳು.

ಬದುಕಿದ್ದಾಗ ತಾನು ನೋಡಿರಲಿಲ್ಲ, ಅಂದಾಜಿನ ಮೇಲೆ ಬರೆದದ್ದು ಅಂತ ಅಡವಯ್ಯ ಸಮಜಾಯಿಷಿ ಹೇಳಿದ.

“ಅವ್ನ ಕಣ್ಣಲ್ಲ, ನಿನ್ ಕಣ್ಣು ಇವು. ನೀನೇ ನೋಡ್ಕೋ ಬೇಕಾರೆ.”

ಹೀಗಂದು ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅವಳು ಹೋದ ಮೇಲೆ ಅಡವಯ್ಯ ಗೋಡೆಯ ಕನ್ನಡಿಯ ಮುಂದೆ ನಿಂತ. ಹನ್ನೊಂದು ವರ್ಷದಿಂದ ಅವನು ಬಿಡಿಸಿದ್ದು ಒಂದೇ ಜೊತೆ ಕಣ್ಣು. ದಿನಾ ಮೀಸೆ ತಿದ್ದುವಾಗ ನೋಡುತ್ತಿದ್ದ ಕಣ್ಣು. ಕೈ ಕಲಿತದ್ದು ಅದನ್ನೇ. ಮಧುಗಿರಿಯ ಪೇಟೆಯಲ್ಲಿ, ಸಿರಾದ ಹಟ್ಟಿಗಳಲ್ಲಿ, ಕೊರಟಗೆರೆಯ ಹೆಂಚಿನ ಮನೆಗಳಲ್ಲಿ, ಪಾವಗಡದ ಆ ತುದಿಯವರೆಗೆ, ಎಷ್ಟು ಗೋಡೆಗಳ ಮೇಲೆ, ಮುದುಕರ ಮುಖದಲ್ಲಿ, ಬಾಣಂತಿಯರ ಮುಖದಲ್ಲಿ, ಹಾವು ಕಚ್ಚಿ ಸತ್ತ ಮಕ್ಕಳ ಮುಖದಲ್ಲಿ ಅಡವಯ್ಯನ ಕಣ್ಣುಗಳು ತೆರೆದುಕೊಂಡು ಕೂತಿದ್ದವು. ಆವತ್ತು ಅವನು ಉಣ್ಣಲಿಲ್ಲ.

ಆ ವಾರದ ಕೊನೆಗೆ ಕೂಲಿಕಾರರ ಸಂಘದ ದಾಸಣ್ಣ ಬಂದ. ಜುಂಜಮ್ಮನ ಕಡೆಯಿಂದ ಪರಿಹಾರದ ಅರ್ಜಿ ಬರೆಸಿದವನು ಅವನೇ. ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಇದೆ, ಅದನ್ನು ನಡೆಸುವ ಗುಮಾಸ್ತ ಶಂಕರಲಿಂಗಪ್ಪ ಒಂದು ಮಾತು ಬಾಯಿಬಿಟ್ಟಿದ್ದಾನೆ ಅಂದ. ವಾರದ ಹಾಜರಿ ಪಟ್ಟಿಯನ್ನು ಶುಕ್ರವಾರವೇ ಮಿಷನ್ನಿಗೆ ತುಂಬಿಸುತ್ತಾರಂತೆ. ಕ್ಯಾತಪ್ಪ ಸತ್ತ ಶನಿವಾರ ಸಂಜೆ ಮ್ಯಾನೇಜರು ಹಿಂದೆ ನಿಂತು ಅವನ ಸಾಲು ತೆಗೆಸಿ, ಬೇರೆ ಪಟ್ಟಿ ಅಚ್ಚು ಹಾಕಿಸಿದನಂತೆ. ಆದರೆ ಅದರ ಹಿಂದಿನ ದಿನ, ಶುಕ್ರವಾರ ತುಂಬಿಸಿದ್ದು ಮಿಷನ್ನಿನ ಹೊಟ್ಟೆಯಲ್ಲಿ ಇನ್ನೂ ಇದೆ. ಸೋಮವಾರ ಬೆಂಗಳೂರಿನಿಂದ ಒಬ್ಬ ಬಂದು ಹೊಟ್ಟೆ ತೊಳೆದು ಹೋಗುತ್ತಾನೆ. ಅಷ್ಟರೊಳಗೆ ಆ ಪಟ್ಟಿಯನ್ನು ಹೊರಗೆ ತರಬೇಕು. ಕಾಗದದ ಮೇಲೆ ಅಚ್ಚು ಹಾಕೋಣ ಅಂದರೆ ಅಚ್ಚಿನ ಮಿಷನ್ನು ಮ್ಯಾನೇಜರ ಕೋಣೆಯಲ್ಲಿದೆ, ಬೀಗ ಬಿದ್ದಿದೆ.

“ಪರದೆ ಮ್ಯಾಲೆ ಕಾಣುಸ್ತದಂತೆ ಅಡವಣ್ಣ. ಕಾಣೋದನ್ನ ತಗ್ಯೋದು ತಾನೆ ನಿನ್ ಕಸುಬು?”

ಭಾನುವಾರ ಮಧ್ಯಾಹ್ನ ಕಾವಲುಗಾರ ಊಟಕ್ಕೆ ಹೋಗುವ ಹೊತ್ತು ನೋಡಿ ಇಬ್ಬರೂ ಹಿಂದಿನ ಬಾಗಿಲಿನಿಂದ ಒಳಗೆ ಹೋದರು. ಶಂಕರಲಿಂಗಪ್ಪ ಕಿಟಕಿ ಮುಚ್ಚಿ ಮಿಷನ್ ಹಾಕಿ ಕೂತಿದ್ದ. ತುಮಕೂರಿನಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಬಂದ ಹುಡುಗ, ಬೆವತು ಅಂಗಿ ಬೆನ್ನಿಗೆ ಅಂಟಿತ್ತು. ಅಡವಯ್ಯ ಅಂಥ ಮಿಷನ್ ನೋಡಿದ್ದು ಅದೇ ಮೊದಲು. ಟೀವಿಯಂಥ ಪೆಟ್ಟಿಗೆ, ಕಪ್ಪು ಗಾಜು, ಅದರೊಳಗೆ ಹಸಿರು ಇಂಗ್ಲಿಷ್ ಅಕ್ಷರ. ಮೇಲೆ ತಾರೀಕು, ಕೆಳಗೆ ಇಪ್ಪತ್ತಮೂರು ಹೆಸರು. ಶಂಕರಲಿಂಗಪ್ಪ ಗಾಜಿಗೆ ಬೆರಳು ತಾಗಿಸಿ ಏಳನೆಯ ಸಾಲು ಓದಿ ಹೇಳಿದ. ಕ್ಯಾತಪ್ಪ, ಕುಳಿ ಕೆಲಸ, ಎರಡನೆಯ ಗ್ಯಾಂಗು. ಅಡವಯ್ಯನಿಗೆ ಇಂಗ್ಲಿಷ್ ಬಾರದು. ಬೆರಳು ಇದ್ದ ಜಾಗ ನೋಡಿಕೊಂಡ.

ಮೊದಲನೆಯದನ್ನು ಅಭ್ಯಾಸಬಲದಿಂದ ಫ್ಲ್ಯಾಶ್ ಹಾಕಿ ತೆಗೆದ. ಗಾಜಿನಿಂದ ಸಿಡಿಲಿನಂತೆ ವಾಪಸ್ ಹೊಡೆಯಿತು. ದೇವರ ಪಟದ ಗಾಜಿಗೂ ಹೀಗೇ ಆಗುತ್ತದೆ, ಗೊತ್ತಿದ್ದೂ ಕೈ ಜಾರಿತ್ತು. ಫ್ಲ್ಯಾಶ್ ಕಿತ್ತಿಟ್ಟ. ಆಮೇಲೆ ಪರದೆಯನ್ನು ದಿಟ್ಟಿಸಿದ. ಅಕ್ಷರಗಳು ಸಣ್ಣಗೆ ನಡುಗುತ್ತಿದ್ದವು. ಕೊನೆಯ ಸಾಲಿನ ಕೆಳಗೆ ಒಂದು ಹಸಿರು ಗೀಟು ಮಿಟುಕ್ ಮಿಟುಕ್ ಅನ್ನುತ್ತಿತ್ತು.

“ಇದೇನು, ರೆಪ್ಪೆ ಬಡೀತೈತಲ್ಲ?”

“ಅದು ಹಂಗೇ ಅಡವಯ್ಯನೋರೆ. ಮಿಷನ್ ಎಚ್ಚರ ಐತೆ ಅಂತ ಅರ್ಥ.”

ಎಚ್ಚರ ಇದೆ, ರೆಪ್ಪೆ ಬಡಿಯುತ್ತಿದೆ, ಅಂದರೆ ಜೀವ ಇದೆ. ಜೀವ ಇರೋದಕ್ಕೆ ಜಲ್ದಿ. ಅಡವಯ್ಯ ಕ್ಯಾಮೆರಾದ ಬಾಗಿಲನ್ನು ಮಕ್ಕಳಿಗೆ ಇಡುವ ವೇಗಕ್ಕೆ ಇಟ್ಟು ಒಂದಾದ ಮೇಲೊಂದು ಹತ್ತು ಒತ್ತಿದ. ಅವನ ತಪ್ಪು ಅಲ್ಲಿಂದ ಶುರು. ಆ ಗಾಜು ನಮ್ಮ ಕಣ್ಣಿಗೆ ಪೂರ್ತಿ ಬೆಳಗಿದಂತೆ ಕಾಣುತ್ತದೆ, ಅಷ್ಟೆ. ನಿಜವಾಗಿ ಬೆಳಕು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓಡುತ್ತಿರುತ್ತದೆ, ಮನೆ ಸಾರಿಸುವ ಕೈಯಂತೆ. ಬಾಗಿಲು ಥಟ್ಟನೆ ಮುಚ್ಚಿದರೆ ಕೈ ಇನ್ನೂ ಮುಟ್ಟದ ಜಾಗ ಕತ್ತಲಾಗಿ ಬೀಳುತ್ತದೆ. ಅದು ಅವನಿಗೆ ಆಗ ಗೊತ್ತಿಲ್ಲ.

ಇನ್ನೊಂದೇ ಚಿತ್ರ ಉಳಿದಿತ್ತು. ಶಂಕರಲಿಂಗಪ್ಪನಿಗೆ ಏನನ್ನಿಸಿತೋ, ಕೀಲಿಮಣೆಯ ಮೂಲೆಯಲ್ಲಿ ಪರದೆಯನ್ನು ಹಾಗೇ ಕಾಗದಕ್ಕೆ ಇಳಿಸುವ ಕೀಲಿ ಒಂದಿದೆ, ನೋಡೇಬಿಡೋಣ ಅಂತ ಒತ್ತಿದ. ಗೋಡೆಯ ಆಚೆ ಅಚ್ಚಿನ ಮಿಷನ್ನಿಗೆ ಕರೆಂಟೇ ಇರಲಿಲ್ಲ. ಕಂಪ್ಯೂಟರು ಬಾರದ ಉತ್ತರ ಕಾಯುತ್ತಾ ಹಾಗೇ ನಿಂತುಬಿಟ್ಟಿತು. ಹಸಿರು ಗೀಟು ಮಿಟುಕುವುದನ್ನು ನಿಲ್ಲಿಸಿತು. ಯಾವ ಕೀಲಿ ಒತ್ತಿದರೂ ಅಲ್ಲಾಡಲಿಲ್ಲ.

“ಸತ್ತೋಯ್ತು,” ಅಂದ ಶಂಕರಲಿಂಗಪ್ಪ. ಗಾಬರಿಯಲ್ಲಿ ಎದ್ದು, ಕಾವಲುಗಾರ ಬಂದನೋ ಅಂತ ನೋಡಲು ಕಿಟಕಿಯ ಒಂದು ಬಾಗಿಲು ತೆರೆದ.

ಸತ್ತೋಯ್ತು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಡವಯ್ಯನ ಬೆರಳು ತಾನಾಗಿ ವೇಗ ಇಳಿಸಿತು. ಯೋಚನೆ ಮಾಡಿ ಮಾಡಿದ್ದಲ್ಲ. ಹದಿನೈದು ವರ್ಷದ ರೂಢಿ. ಸ್ಟ್ಯಾಂಡು ಗಟ್ಟಿ ಮಾಡಿ, ಕ್ಯಾಮೆರಾದ ಮೇಲೆ ಬಗ್ಗಿ, ಉಸಿರು ಹಿಡಿದು, ಆರಾಮಾಗಿ ಒತ್ತಿ, ಒಂದು ಅಂತ ಪೂರ್ತಿ ಎಣಿಸಿ ಬಿಟ್ಟ.

ಸಂಜೆ ಡಾರ್ಕ್‌ರೂಮಿನಲ್ಲಿ ರೀಲು ತೊಳೆದರು. ಒಣಗಿದ ಮೇಲೆ ಒಂದೊಂದರ ಚಿಕ್ಕ ಪ್ರಿಂಟು ಹಾಕಿ ಲಕ್ಷ್ಮಕ್ಕ ಹಗ್ಗಕ್ಕೆ ಸಿಕ್ಕಿಸಿದಳು. ಮೊದಲನೆಯದರಲ್ಲಿ ನಡುವೆ ಬಿಳಿ ಚೆಂಡು. ಮುಂದಿನ ಹತ್ತರಲ್ಲೂ ಅಡ್ಡಕ್ಕೆ ಒಂದು ಕರಿ ಪಟ್ಟೆ. ಒಂದರಲ್ಲಿ ಪಟ್ಟೆ ತಾರೀಕಿನ ಮೇಲೆ, ಹೆಸರು ಕೆಳಗೆ ಸರಿಯಾಗಿದೆ. ಇನ್ನೊಂದರಲ್ಲಿ ತಾರೀಕು ಇದೆ, ಹೆಸರು ನುಂಗಿಹೋಗಿದೆ. ಹೆಣದ ಮೇಲೆ ಕಂಬಳಿ ಹೊದಿಸುವವನು ಎಲ್ಲಿಂದೆಲ್ಲಿಗೆ ಎಳೆದರೂ ಏನೋ ಒಂದು ಮುಚ್ಚುತ್ತಲೇ ಇದ್ದ ಹಾಗೆ. ಹನ್ನೆರಡನೆಯದು ಮಾತ್ರ ಪೂರ್ತಿ ಬಂದಿತ್ತು. ತಾರೀಕು, ಗ್ಯಾಂಗು, ಇಪ್ಪತ್ತಮೂರು ಹೆಸರು. ದಾಸಣ್ಣ ಹಗ್ಗದ ಕೆಳಗೇ ನಿಂತು ಓದಿ ಮುಗಿಸಿ, ಕೇಸು ಗೆದ್ದೆವು ಅಂತ ಬೀಡಿ ಹಚ್ಚಿದ.

ಲಕ್ಷ್ಮಕ್ಕ ಮಾತ್ರ ಅದನ್ನೇ ನೋಡುತ್ತಾ ನಿಂತಳು.

“ಇದ್ಯಾರ್ದು ಮುಖ ಇದರೊಳಗೆ?”

ಪರದೆಯ ಕತ್ತಲಲ್ಲಿ, ಸರಿಯಾಗಿ ಏಳನೆಯ ಸಾಲಿನ ಮೇಲೆ, ಒಂದು ಮುಖ ಇತ್ತು. ಮಂಜಿನಂತೆ ಬೆಳ್ಳಗೆ. ಹಣೆ, ಮೂಗು, ಮೀಸೆ. ಕಣ್ಣು ಮುಚ್ಚಿತ್ತು.

ಅಡವಯ್ಯನಿಗೆ ಗೊತ್ತಾಯಿತು. ಕಿಟಕಿಯ ಬೆಳಕು ತನ್ನ ಮುಖಕ್ಕೆ ಬಿದ್ದು, ಮುಖ ಗಾಜಿಗೆ ಬಿದ್ದಿದೆ. ಕ್ಯಾಮೆರಾದ ಮೇಲೆ ಬಗ್ಗಿ ನೋಡುತ್ತಿದ್ದುದರಿಂದ ಕಣ್ಣು ಮುಚ್ಚಿದಂತೆ ಕಾಣುತ್ತದೆ, ಅಷ್ಟೆ. ಕಾರಣ ಗೊತ್ತಾದರೂ ಪ್ರಿಂಟನ್ನು ಗೋಡೆಯ ಕಡೆಗೆ ತಿರುಗಿಸಿದ. ನನ್ನ ತೆರೆದ ಕಣ್ಣನ್ನು ಕ್ಯಾತಪ್ಪನಿಗೆ ಕೊಟ್ಟಿದ್ದೆ. ತನ್ನ ಮುಚ್ಚಿದ ಕಣ್ಣನ್ನು ಅವನು ನನಗೆ ಕೊಟ್ಟ. ಹೀಗೆ ಅನ್ನಿಸಿತು ಅವನಿಗೆ. ದಾಸಣ್ಣನಿಗೆ, ಬೆಳಿಗ್ಗೆ ಬಾ, ದೊಡ್ಡ ಪ್ರಿಂಟು ಕೊಡುತ್ತೇನೆ ಅಂತ ಹೇಳಿ ಕಳಿಸಿದ.

ಆಮೇಲೆ ಮಾಡಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೆಟ್ಟ ಹನ್ನೊಂದನ್ನು ಒಲೆಗೆ ಹಾಕಿದ. ಸತ್ತವನ ಚಿತ್ರವಲ್ಲವೇ, ಅರ್ಧಂಬರ್ಧ ಇಡಬಾರದು. ಹೆಸರು ಇದ್ದದ್ದು, ತಾರೀಕು ಇದ್ದದ್ದು, ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಸಾಕ್ಷಿ ಹೇಳುತ್ತಿದ್ದವು. ಹೊಗೆಯಾಗಿ ಹೋದವು. ಇನ್ನು ಹನ್ನೆರಡನೆಯದು. ಮುಖದ ಬಿಳುಪಿನಲ್ಲಿ ಹೆಸರು ಮಸುಕಾಗಿತ್ತು. ಓದಲು ಬರುತ್ತಿತ್ತು, ಆದರೆ ಕಣ್ಣು ಕಿರಿದು ಮಾಡಬೇಕಿತ್ತು. ಮಸುಕನ್ನು ಮಸುಕಾಗಿ ಬಿಡುವುದು ಅಡವಯ್ಯನ ಕಸುಬಿನಲ್ಲೇ ಇರಲಿಲ್ಲ. ಸೂಜಿಮೊನೆ ಪೆನ್ಸಿಲು ತೆಗೆದುಕೊಂಡು, ಕನ್ನಡಕದ ಮೇಲೆ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಬೂದುಗಾಜು ಹಿಡಿದು, ಅರ್ಥವಾಗದ ಆ ಎಂಟು ಹತ್ತು ಅಕ್ಷರಗಳ ಮೇಲೆ ರೆಪ್ಪೆಗೆ ಗೆರೆ ಎಳೆದಂತೆ ಎಳೆದ. ಬೆಳಿಗ್ಗೆಯ ಪ್ರಿಂಟಿನಲ್ಲಿ ಕ್ಯಾತಪ್ಪನ ಹೆಸರು ಫಳಫಳ ಹೊಳೆಯುತ್ತಿತ್ತು. ಮಿಕ್ಕ ಇಪ್ಪತ್ತೆರಡು ಹೆಸರಿಗಿಂತ ಚೆನ್ನಾಗಿ.

ಸೋಮವಾರ ಬೆಂಗಳೂರಿನವನು ಬಂದು ಮಿಷನ್ನಿನ ಹೊಟ್ಟೆ ತೊಳೆದು ಹೋದ.

ವಿಚಾರಣೆ ಬಂದದ್ದು ಎಂಟು ತಿಂಗಳ ಮೇಲೆ, ಮರುವರ್ಷ ಫೆಬ್ರವರಿಯಲ್ಲಿ, ತುಮಕೂರಿನ ಕಾರ್ಮಿಕ ಕಚೇರಿಯ ಸಾಹೇಬರ ಮುಂದೆ. ಶಂಕರಲಿಂಗಪ್ಪನನ್ನು ಕರೆಸಿದ್ದರು. ಇಂಥ ಪಟ್ಟಿಯನ್ನು ನಾನು ನೋಡೇ ಇಲ್ಲ ಅಂದ. ಅವನನ್ನು ಬೈಯುವುದು ಸುಲಭ. ಭಾನುವಾರ ಬಾಗಿಲು ತೆರೆದವನು ಅವನೇ ಅನ್ನುವುದನ್ನು ಮರೆತು ಬೈಯಬೇಕಾಗುತ್ತದೆ, ಅಷ್ಟೆ. ಆಮೇಲೆ ಕಂಪನಿಯ ವಕೀಲ ಫೋಟೋ ಕೈಗೆ ತೆಗೆದುಕೊಂಡ. ಜೇಬಿನಿಂದ ಒಂದು ಬೂದುಗಾಜು ತೆಗೆದು ಸಾಹೇಬರ ಮೇಜಿನ ಮೇಲಿಟ್ಟ. ಕಂಪ್ಯೂಟರಿನ ಅಕ್ಷರ ಚುಕ್ಕೆಗಳಿಂದ ಆಗಿರುತ್ತದೆ ಸ್ವಾಮಿ, ಎಣಿಸಬಹುದು, ಇಪ್ಪತ್ತೆರಡು ಹೆಸರೂ ಚುಕ್ಕೆಯಲ್ಲಿವೆ, ಈ ಒಂದು ಹೆಸರು ಮಾತ್ರ ಗೆರೆಯಲ್ಲಿದೆ, ನೋಡಿ ಅಂದ. ಸಾಹೇಬರು ನೋಡಿದರು. ಬೆಂಚಿನ ಮೇಲಿದ್ದ ಅಡವಯ್ಯನನ್ನು ಮುಂದಕ್ಕೆ ಕರೆದರು.

“ಇದರ ಮೇಲೆ ನೀನೇನಾದರೂ ಬರೆದೆಯೇನಯ್ಯ?”

ಸುಳ್ಳು ಹೇಳಬಹುದಿತ್ತು. ಕ್ಯಾಮೆರಾದ ದೋಷ ಅನ್ನಬಹುದಿತ್ತು. ದಾಸಣ್ಣ ಹಿಂದಿನಿಂದ ಕೆಮ್ಮಿದ.

“ಬರ್ದೆ ಸ್ವಾಮಿ. ಮಸುಕಾಗಿತ್ತು, ತಿದ್ದಿ ಕೊಟ್ಟೆ. ನಮ್ ಕಸುಬೇ ಅದು.”

ವಕೀಲ ನಗಲಿಲ್ಲ. ನಗುವ ಅಗತ್ಯ ಇರಲಿಲ್ಲ. ತನ್ನ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದ. ಕೇಸು ಬಿದ್ದುಹೋಯಿತು ಅಂತ ಜುಂಜಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಕಿಟಕಿಯ ಕಡೆ ತಿರುಗಿ ಕೂತಳು, ಮಧುಗಿರಿಯವರೆಗೂ ತಿರುಗಲಿಲ್ಲ. ದಾಸಣ್ಣ ಮಾತ್ರ ಇಳಿಯುವಾಗ ಒಂದು ಮಾತು ಅಂದ: ಕಂಪನಿಯವರು ಹೆಸರನ್ನ ಒಂದ್ಸಲ ಅಳಿಸಿದ್ರು ಅಡವಣ್ಣ, ನೀನು ಬರೆದು ಅಳಿಸ್ದೆ.

ಆ ಮೇಲಿನ ದಿನಗಳಲ್ಲಿ ಅಡವಯ್ಯನಿಗೆ ಗಾಜು ಕಂಡರೆ ಆಗುತ್ತಿರಲಿಲ್ಲ. ಬಸ್ಸಿನ ಗಾಜು, ಹೋಟೆಲಿನ ಬೋಂಡಾ ಪೆಟ್ಟಿಗೆಯ ಗಾಜು, ಎಲ್ಲದರಲ್ಲೂ ಕಣ್ಣು ಮುಚ್ಚಿದವನೊಬ್ಬ ಇರುತ್ತಿದ್ದ. ಮೀಸೆ ತಿದ್ದುವ ಕನ್ನಡಿಗೆ ಲಕ್ಷ್ಮಕ್ಕನ ಹಳೇ ಸೀರೆ ಹೊದಿಸಿದ. ಕೊರಟಗೆರೆಯ ಒಂದು ಮನೆಗೆ ಹೆಣದ ಫೋಟೋಕ್ಕೆ ಹೋದಾಗ ಗೋಡೆಯ ಮೇಲೆ ಆ ಮನೆಯ ಹಿಂದಿನ ಸಾವಿನ ಪಟ ಇತ್ತು, ಅವನೇ ಮಾಡಿಕೊಟ್ಟದ್ದು. ಸತ್ತ ಮುದುಕಿ ಅಡವಯ್ಯನ ಕಣ್ಣಿನಿಂದ ಅಡವಯ್ಯನನ್ನು ನೋಡುತ್ತಿದ್ದಳು. ಏನು ಬರೆಯುತ್ತೀಯ ಈ ಸಲ ಅಂತ ಕೇಳುವ ಹಾಗೆ. ಅವನು ಸ್ಟ್ಯಾಂಡು ಊರಿ ಒತ್ತಿ ಬಂದ, ಆದರೆ ಪೆನ್ಸಿಲು ಎತ್ತಲಿಲ್ಲ. ಕಣ್ಣು ಮುಚ್ಚಿದ ಮುಖವನ್ನು ಹಾಗೇ ಪ್ರಿಂಟು ಹಾಕಿ ಕೊಟ್ಟ. ಮನೆಯವರು ಎಗರಾಡಿದರು. ಸತ್ತವನನ್ನು ಸತ್ತ ಹಾಗೇ ಕೊಡುವುದಕ್ಕೆ ನೀನ್ಯಾಕೆ ಬೇಕು ಅಂತ ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಆಮೇಲೆ ಗಿರಾಕಿಗಳು ಬೇರೆ ಅಂಗಡಿಗೆ ತಿರುಗಿದರು. ಲಕ್ಷ್ಮಕ್ಕ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗತೊಡಗಿದಳು.

ಮಳೆಗಾಲದ ಮೊದಲು ಜುಂಜಮ್ಮ ಬಂದಳು. ಸೆರಗಿನಿಂದ ಗಂಡನ ಪಟ ತೆಗೆದು ಮೇಜಿನ ಮೇಲಿಟ್ಟಳು.

“ಈ ಕಣ್ಣ ತಗುದ್ಬುಡಣ್ಣ. ಮನೇಲಿ ಕುಂತ್ರೆ ನಿಂತ್ರೆ ನೀನು ನೋಡ್ತಿದ್ದಂಗೈತೆ ನಂಗೆ.”

ತೆಗೆಯಲು ಬರುತ್ತಿತ್ತು. ನೆಗೆಟಿವ್ ಮೇಲಿನ ಪೆನ್ಸಿಲು ಟರ್ಪೆಂಟೈನಿಗೆ ಹೋಗುತ್ತದೆ. ಅಡವಯ್ಯ ಹತ್ತಿ ಅದ್ದಿ ಕ್ಯಾತಪ್ಪನ ರೆಪ್ಪೆಗಳ ಮೇಲಿನ ತನ್ನ ಕಣ್ಣುಗಳನ್ನು ಒರೆಸಿದ. ಅದೇ ಹತ್ತಿ ಕೈಯಲ್ಲಿರುವಾಗ ಅವನಿಗೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಅಂದರೆ, ತಿದ್ದಿದ್ದನ್ನು ಒರೆಸುವ ಕೆಲಸವನ್ನು ಜೀವಮಾನದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಬಿಸ್ಕತ್ತಿನ ಡಬ್ಬಿ ತೆಗೆದು, ಹನ್ನೆರಡನೆಯದನ್ನು ಹೊರಗೆ ತೆಗೆದು, ಏಳನೆಯ ಸಾಲನ್ನೂ ಒರೆಸಿದ. ಜುಂಜಮ್ಮ ನಿಂತಿರುವಾಗಲೇ ಎರಡೂ ಪ್ರಿಂಟು ಹಾಕಿದ.

ಒಂದರಲ್ಲಿ ಕ್ಯಾತಪ್ಪ ಕಣ್ಣು ಮುಚ್ಚಿ ಕೂತಿದ್ದ. ಇನ್ನೊಂದರಲ್ಲಿ ಅಡವಯ್ಯನ ಬಿಳಿ ಮುಖ ವಾಪಸ್ ಬಂದಿತ್ತು, ಅದರ ಅಡಿಯಲ್ಲಿ ಮಸುಕು ಹೆಸರು. ಬೂದುಗಾಜು ಹಿಡಿದರೆ ಚುಕ್ಕೆಗಳು ಕಾಣುತ್ತಿದ್ದವು, ಎಲ್ಲಾ ಹೆಸರಿನಂತೆಯೇ, ಯಾರೂ ಮುಟ್ಟದ ಚುಕ್ಕೆಗಳು. ಜುಂಜಮ್ಮ ಆ ಮುಖವನ್ನು ನೋಡಿದಳು.

“ಇದು ನೀನೇ ಅಲ್ವೇನಣ್ಣ.”

ಹೌದು ಅಂದ. ಕಿಟಕಿ ತೆಗೆದದ್ದಕ್ಕೆ ಹಾಗಾಯಿತು, ಅದೊಂದು ಕೇಡು ಅಂದ.

“ಇರ್ಲಿ ಬುಡು. ಅವ್ನ ಹೆಸ್ರು ಇದ್ದಿದ್ದ ಯಾರೋ ಒಬ್ರು ಕುಂತು ನೋಡವ್ರೆ ಅಂತಾದ್ರೂ ಆಯ್ತದೆ.”

ದಾಸಣ್ಣ ಆ ಪ್ರಿಂಟನ್ನೂ ನೆಗೆಟಿವನ್ನೂ ಹಿಡಿದುಕೊಂಡು ಮತ್ತೆ ಕಚೇರಿಗೆ ಹೋದ. ಒಂದು ಸಲ ತಿದ್ದಿದ್ದನ್ನು ಮತ್ತೆ ತಿದ್ದಿ ತಂದಿದ್ದೀರಿ, ಇದನ್ನು ಹೇಗೆ ನಂಬುವುದು, ಫೈಲು ಮುಚ್ಚಿದೆ ಅಂದರು. ಗುಮಾಸ್ತನೊಬ್ಬ ಹೊರಗೆ ಬಂದು, ಇಂಗ್ಲಿಷ್ ಬಲ್ಲ ನಾಲ್ಕು ಜನ ಕಣ್ಣಾರೆ ನೋಡಿ, ಹೀಗಿದೆ ಅಂತ ಬರೆದುಕೊಟ್ಟರೆ ಮೇಲಿನವರಿಗೆ ಅರ್ಜಿ ಹಾಕಬಹುದೇನೋ ಅಂತ ಗೊಣಗಿದ. ಆ ಗೊಣಗನ್ನೇ ದಾಸಣ್ಣ ಹಿಡಿದುಕೊಂಡ.

ಈಗ ಅಡವಯ್ಯನ ಅಂಗಡಿಗೆ ಹೆಣದ ಗಿರಾಕಿ ಕಡಿಮೆ. ಬೇರೆ ಥರದವರು ಬರುತ್ತಾರೆ. ಮೊನ್ನೆ ಪಾವಗಡದ ಬಲಸಮುದ್ರದ ಕಡೆಯಿಂದ ಓಬಳಯ್ಯ ಅನ್ನುವವನು ಬಂದಿದ್ದ. ಅವರ ಊರಿನವರು ಕೆಲಸಕ್ಕೆ ಹೋಗುವ ಒಂದು ಮಿಲ್ಲಿಗೂ ಕಂಪ್ಯೂಟರ್ ಬಂದಿದೆಯಂತೆ, ಅಲ್ಲೂ ಹೆಸರು ಬಂದು ಹೋಗಿ ಆಗುತ್ತಿದೆಯಂತೆ. “ಎಟ್ಲಾ ತೀಸೇದಿ ಅಣ್ಣ, ಹೆಂಗ್ ತಗ್ಯೋದು, ನಂಗೂ ಒಸಿ ಹೇಳ್ಕೊಡು,” ಅಂದ. ಅಡವಯ್ಯ ಅವನನ್ನು ಕೂರಿಸಿಕೊಂಡು ಹೇಳಿದ. ಫ್ಲ್ಯಾಶ್ ಮುಟ್ಟಬೇಡ. ಕೈಯಲ್ಲಿ ಹಿಡಿಯಬೇಡ, ಸ್ಟ್ಯಾಂಡು ಇಲ್ಲದಿದ್ದರೆ ಸೇರು ಕವುಚಿ ಅದರ ಮೇಲಿಡು. ಗಾಜಿಗೆ ನೇರವಾಗಿ ಕೂತುಕೋ, ಓರೆಯಾದರೆ ಸಾಲು ವಾಲುತ್ತದೆ. ಗಾಜಿನ ಧೂಳು ಒರೆಸು. ನಿನ್ನ ಹಿಂದಿನ ಕಿಟಕಿ ಬಾಗಿಲು ಮುಚ್ಚು, ಬಿಳಿ ಅಂಗಿ ಬಿಚ್ಚು, ಕರಿ ಕಂಬಳಿ ಹೊದ್ದುಕೋ. ಅದು ರೆಪ್ಪೆ ಬಡಿಯುತ್ತದೆ ಅಂತ ಮೋಸ ಹೋಗಬೇಡ, ಹೆಣಕ್ಕೆ ಒತ್ತಿದಂತೆ ಆರಾಮಾಗಿ ಒತ್ತು. ಒಂದಕ್ಕೆ ಬಿಡಬೇಡ, ಹನ್ನೆರಡೂ ತೆಗೆ. ಕೆಟ್ಟದ್ದನ್ನೂ ಸುಡಬೇಡ.

ಓಬಳಯ್ಯ ಎದ್ದು ಬಾಗಿಲವರೆಗೆ ಹೋದ ಮೇಲೆ ಅಡವಯ್ಯ ಮತ್ತೆ ಕರೆದ.

“ಲೇ ಓಬಳಯ್ಯ. ಬಂದದ್ದು ಎಷ್ಟೇ ಮಸುಕಾಗಿರ್ಲಿ, ಪೆನ್ಸಿಲು ಮುಟ್ಟಿಸ್ಬ್ಯಾಡ ಕಣ್ಲಾ.”

ಅಂಗಡಿಯ ಮೇಜಿನ ಮೇಲೆ ದಾಸಣ್ಣ ತಂದಿಟ್ಟ ಒಂದು ನೋಟ್‌ಬುಕ್ಕು ಇದೆ. ಪಕ್ಕದಲ್ಲಿ ಪ್ರಿಂಟು, ಪ್ರಿಂಟಿನ ಮೇಲೆ ಬೂದುಗಾಜು. ಬಂದವರು ಏಳನೆಯ ಸಾಲು ಓದಬೇಕು, ಓದಿದ್ದನ್ನು ತಮ್ಮ ಕೈಯಲ್ಲಿ ಬರೆಯಬೇಕು, ಹೆಸರು ಊರು ಹಾಕಿ ಸಹಿ ಮಾಡಬೇಕು. ಇಲ್ಲಿಯವರೆಗೆ ಮೂವರು ಬರೆದಿದ್ದಾರೆ. ಒಬ್ಬರು ಹೈಸ್ಕೂಲು ಮೇಷ್ಟ್ರು, ಇಬ್ಬರು ಕಾಲೇಜು ಹುಡುಗಿಯರು. ಮಿಕ್ಕವರು ಓದಿ, ತಲೆಯಾಡಿಸಿ, ಕಂಪನಿಯ ಉಸಾಬರಿ ಯಾಕೆ ಅಂತ ಪೆನ್ನು ಮುಟ್ಟದೆ ಹೋಗಿದ್ದಾರೆ.

ಹಟ್ಟಿಯಲ್ಲಿ ಇಂಗ್ಲಿಷ್ ಓದಬಲ್ಲವರಿಲ್ಲ. ನೀವು ಓದಬಲ್ಲಿರಿ, ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಒಬ್ಬರಾದರೂ ಬಲ್ಲವರಿದ್ದಾರೆ. ಮಧುಗಿರಿಗೆ ಬನ್ನಿ. ಕೋಟೆ ಬುಡದಲ್ಲಿ ಯಾರನ್ನು ಕೇಳಿದರೂ ಅಂಗಡಿ ತೋರಿಸುತ್ತಾರೆ. ಆ ಮುಖಕ್ಕೆ ಹೆದರಬೇಡಿ, ಅದರ ಕೆಳಗಿನ ಚುಕ್ಕೆ ಎಣಿಸಿ. ಜುಂಜಮ್ಮನಿಗೆ ಕೇಳುವ ಹಾಗೆ ಹೆಸರನ್ನು ಗಟ್ಟಿಯಾಗಿ ಓದಿ. ಓದಿ ಸುಮ್ಮನೆ ಹೋಗಬೇಡಿ. ನಾಲ್ಕನೆಯ ಸಹಿ ಹಾಕಿ.